120 ವೋಲ್ಟಿನ ಸಂಸಾರ ಮಾಟುಂಗಕ್ಕೆ ಬಂದಾಗ

ಬಹುಕಾಲ ನ್ಯೂಜರ್ಸಿಯಲ್ಲಿದ್ದು ಮುಂಬಯಿಯ ಮಾಟುಂಗಕ್ಕೆ ಮರಳಿದ ಅಕ್ಕ-ಭಾವನ ಸಾಮಾನು ಹಡಗಿನಲ್ಲಿ ಬಂದಿಳಿದಾಗ ಅದರಲ್ಲಿ ಕರೆಂಟಿನ ಉಪಕರಣಗಳದ್ದೇ ಒಂದು ಸಂಸಾರವಿತ್ತು. 1970ರ ದಶಕದ ಸ್ಟೀರಿಯೊ ರಿಸೀವರ್, ಬೆಲ್ಟಿನಿಂದ ತಿರುಗುವ ರೆಕಾರ್ಡ್ ಪ್ಲೇಯರ್, ಮಗಳು ಕಲಿಯುತ್ತಿದ್ದ ಹಳೆಯ ಸಿಂಥಸೈಜರ್, ಲೇಸರ್ ಪ್ರಿಂಟರ್, ಟೋಸ್ಟರ್, ಕಾಫಿ ಮೇಕರ್, ಜೊತೆಗೆ ಚೀಲ ತುಂಬ ಅಡಾಪ್ಟರುಗಳು. ಹೆಚ್ಚಿನವುಗಳ ಬೆನ್ನ ಮೇಲೆ ಒಂದೇ ಬರಹ: 120 ವೋಲ್ಟ್, 60 ಹರ್ಟ್ಜ್. ಬೆಸ್ಟ್ ಸಂಸ್ಥೆ ಮಾಟುಂಗದ ಮನೆಗಳಿಗೆ ಕೊಡುವುದು 230 ವೋಲ್ಟ್, 50 ಹರ್ಟ್ಜ್.

"ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ಸ್ ಪೇಟೆಯಿಂದ ದೊಡ್ಡದೊಂದು ಸ್ಟೆಪ್‌ಡೌನ್ ತಂದರೆ ಮುಗಿಯಿತಲ್ಲ?" ಎಂದು ಭಾವ ಕೇಳಿದರು.

"ಮುಗಿಯುತ್ತದೆ ಭಾವ. ಏನು ಮುಗಿಯುತ್ತದೆ ಎಂಬುದನ್ನು ಮೊದಲು ನೋಡೋಣ" ಎಂದೆ.

ಸ್ಟೆಪ್‌ಡೌನ್ ಡಬ್ಬಿಯ, ಅಂದರೆ 230 ವೋಲ್ಟನ್ನು 110ರ ಆಸುಪಾಸಿಗೆ ಇಳಿಸುವ ಪೆಟ್ಟಿಗೆಯ, ಮೇಲೆ ನನಗೆ ದ್ವೇಷವೇನೂ ಇಲ್ಲ. ಆದರೆ ಅಂಗಡಿಯಲ್ಲಿ ಸಿಗುವ ಅಗ್ಗದವುಗಳಲ್ಲಿ ಬಹುಪಾಲು ಆಟೊಟ್ರಾನ್ಸ್‌ಫಾರ್ಮರುಗಳು. ಒಳಗಿರುವುದು ಒಂದೇ ಸುರುಳಿ. ಅದರ ನಡುವಿನಿಂದ ಒಂದು ತಂತಿಯನ್ನು ಹೊರಗೆ ತೆಗೆದು 110 ವೋಲ್ಟ್ ಎನ್ನುತ್ತಾರೆ. ಎರಡು ಪಿನ್ನಿನ ಪ್ಲಗ್ಗನ್ನು ತಿರುಗಿಸಿ ಹಾಕಿದರೆ 110ರ ಒಂದು ತುದಿ ಭೂಮಿಗೆ ಹೋಲಿಸಿದಾಗ ಪೂರ್ತಿ 230ರಲ್ಲಿರುತ್ತದೆ. ಕೆಳಭಾಗದ ಸುರುಳಿ ಕಡಿದುಹೋದರೆ ಮೇಲ್ಭಾಗದ ಮೂಲಕ 230 ವೋಲ್ಟೇ ಉಪಕರಣಕ್ಕೆ ನುಗ್ಗುತ್ತದೆ. ಇನ್ನು ಪ್ರವಾಸಿಗರಿಗೆಂದು ಮಾರುವ ಅಂಗೈಯಗಲದ, ಸಾವಿರಾರು ವ್ಯಾಟ್ ಎಂದು ಬರೆದುಕೊಂಡ ಹಗುರ ಕನ್ವರ್ಟರುಗಳಲ್ಲಿ ಟ್ರಾನ್ಸ್‌ಫಾರ್ಮರೇ ಇರುವುದಿಲ್ಲ. ಅವು ಅಲೆಯನ್ನು ಕತ್ತರಿಸಿ ಸರಾಸರಿಯನ್ನು ಮಾತ್ರ ತಗ್ಗಿಸುತ್ತವೆ. ಶಿಖರ 325 ವೋಲ್ಟಿನವರೆಗೂ ಏರಬಹುದು. ಕೂದಲು ಒಣಗಿಸುವ ಯಂತ್ರಕ್ಕೆ ನಡೆಯುತ್ತದೆ, ಎಲೆಕ್ಟ್ರಾನಿಕ್ಸ್‌ಗೆ ಅದು ಯಮ. ಎಲ್ಲಕ್ಕಿಂತ ಮುಖ್ಯವಾಗಿ, ಇಂಥ ಯಾವ ಡಬ್ಬಿಯೂ 50 ಹರ್ಟ್ಜನ್ನು 60 ಮಾಡಿಕೊಡುವುದಿಲ್ಲ.

ಆದ್ದರಿಂದ ನಾನು ಪ್ರತಿ ಉಪಕರಣಕ್ಕೂ ಕೇಳುವುದು ಒಂದೇ ಪ್ರಶ್ನೆ: ಗೋಡೆಯ ವಿದ್ಯುತ್ತು ಇದರ ಒಳಗೆ ಎಲ್ಲಿಯವರೆಗೆ ಹೋಗುತ್ತದೆ? ಅದು ನಿಲ್ಲುವ ಜಾಗ ಸಿಕ್ಕಿದರೆ ಬದಲಾವಣೆ ಬೇಕಾಗಿರುವುದು ಅಲ್ಲಿಯವರೆಗೆ ಮಾತ್ರ. ಅದರಾಚೆಯ ಸರ್ಕೀಟಿಗೆ ತಾನು ಅಮೆರಿಕದಲ್ಲಿದ್ದೇನೋ ಮುಂಬಯಿಯಲ್ಲಿದ್ದೇನೋ ಗೊತ್ತಾಗುವುದಿಲ್ಲ.

ಸುಲಭದವು ಬೇಗ ಮುಗಿದವು. ಲ್ಯಾಪ್‌ಟಾಪ್, ಮೊಬೈಲ್, ಕ್ಯಾಮೆರಾ ಚಾರ್ಜರುಗಳ ಮೇಲೆ 100–240 ವೋಲ್ಟ್, 50/60 ಹರ್ಟ್ಜ್ ಎಂದಿತ್ತು. ಅವಕ್ಕೆ ಬೇಕಾದದ್ದು ನಮ್ಮ ಪ್ಲಗ್ ಅಷ್ಟೇ. ಬರಿಯ 120 ಎಂದಿದ್ದ ಭಾರದ ಅಡಾಪ್ಟರುಗಳನ್ನು ಬದಿಗಿಟ್ಟು ಇಲ್ಲಿಯವನ್ನು ಕೊಂಡೆವು. ಕೊಳ್ಳುವಾಗ ನೋಡಬೇಕಾದದ್ದು ವೋಲ್ಟೇಜ್ ಒಂದನ್ನೇ ಅಲ್ಲ. ಹೊರಬರುವುದು ಎಸಿಯೋ ಡಿಸಿಯೋ, ಡಿಸಿಯಾದರೆ ಪಿನ್ನಿನ ನಡುಭಾಗ ಪ್ಲಸ್ಸೋ ಮೈನಸ್ಸೋ, ಆಂಪಿಯರ್ ಹಳೆಯದರಷ್ಟೋ ಹೆಚ್ಚೋ ಎಂಬುದನ್ನೂ ನೋಡಬೇಕು. ಸಂಗೀತದ ಸಣ್ಣ ಪೆಟ್ಟಿಗೆಗಳಲ್ಲಿ ನಡುಭಾಗ ಮೈನಸ್ ಆಗಿರುವುದು ಅಪರೂಪವಲ್ಲ.

ಟೋಸ್ಟರ್ ಮತ್ತು ಕಾಫಿ ಮೇಕರುಗಳಲ್ಲಿ ವಿದ್ಯುತ್ತು ನಿಲ್ಲುವುದು ಕಾಯಿಸುವ ತಂತಿಯಲ್ಲೇ. ತಂತಿಯ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: 230ನ್ನು 120ರಿಂದ ಭಾಗಿಸಿ ವರ್ಗ ಮಾಡಿದರೆ 3.67. ಅಂದರೆ 900 ವ್ಯಾಟಿನ ಟೋಸ್ಟರ್ 3,300 ವ್ಯಾಟ್ ಎಳೆಯಹೊರಟು ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಅದಕ್ಕೆ ತಕ್ಕ ಸ್ಟೆಪ್‌ಡೌನಿನ ಬೆಲೆಗೆ ಹೊಸ ಟೋಸ್ಟರೇ ಬರುತ್ತದೆ. ಪ್ರಿಂಟರಿನದೂ ಅದೇ ಕಥೆ, ಆದರೆ ಅಲ್ಲಿ ಮೋಸ ಅಡಗಿದೆ. ಅದರ ಎಲೆಕ್ಟ್ರಾನಿಕ್ಸ್‌ಗೆ ಸ್ವಿಚಿಂಗ್ ಪವರ್ ಸಪ್ಲೈ ಇದ್ದರೂ ಪುಡಿಶಾಯಿಯನ್ನು ಕಾಗದಕ್ಕೆ ಬೇಯಿಸಿ ಅಂಟಿಸುವ ಫ್ಯೂಸರಿನ ಹೀಟರ್ ನೇರವಾಗಿ 120 ವೋಲ್ಟಿನ ಮೇಲೆ ನಿಂತಿರುತ್ತದೆ. ಸಪ್ಲೈ ಸರಿಮಾಡಿ ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಹೊಗೆ. "ಇದನ್ನು ಯಾಕೆ ತಂದಿರಿ?" ಎಂದು ಅಕ್ಕ ಭಾವನನ್ನು ಕೇಳಿದಳು, ನಾನು ಮಧ್ಯೆ ಹೋಗಲಿಲ್ಲ.

ಇನ್ನು ರಿಸೀವರ್. ಹದಿನೈದು ಕಿಲೋ ತೂಗುವ ಅದನ್ನು ಮಧ್ಯಾಹ್ನದ ಖಾಲಿ ಲೋಕಲಿನಲ್ಲಿ ಡೊಂಬಿವಲಿಯ ನನ್ನ ಮನೆಗೆ ಸಾಗಿಸಿದೆವು. ವೋಲ್ಟೇಜ್ ಬದಲಾವಣೆಯ ಸಂಕಟವನ್ನು ಈ ಲೋಕಲ್ ರೈಲಿನಷ್ಟು ಅನುಭವಿಸಿದವರು ಊರಲ್ಲಿ ಬೇರೆ ಯಾರೂ ಇಲ್ಲ. 1925ರಿಂದ 1,500 ವೋಲ್ಟ್ ಡಿಸಿಯಲ್ಲಿ ಓಡುತ್ತಿದ್ದ ಜಾಲ 25,000 ವೋಲ್ಟ್ ಎಸಿಗೆ ಪೂರ್ತಿಯಾಗಿ ದಾಟಿದ್ದು 2016ರಲ್ಲಿ ಹಾರ್ಬರ್ ಮಾರ್ಗವೂ ಬದಲಾದ ಮೇಲೆ. ನಡುವಿನ ವರ್ಷಗಳಲ್ಲಿ ಎರಡರಲ್ಲೂ ಓಡಬಲ್ಲ ರೈಲುಗಳನ್ನು ಇಟ್ಟುಕೊಂಡು ಸೇವೆ ನಿಲ್ಲದಂತೆ ನೋಡಿಕೊಂಡರು. ನನ್ನ ಕೆಲಸ ಅದಕ್ಕಿಂತ ಹಗುರ, ತೂಕವೊಂದನ್ನು ಬಿಟ್ಟು.

ಮುಚ್ಚಳ ತೆಗೆದಾಗ ಕಂಡದ್ದು ದಪ್ಪ ಟ್ರಾನ್ಸ್‌ಫಾರ್ಮರ್, ಅದರ ಪ್ರೈಮರಿಯಿಂದ, ಅಂದರೆ ಗೋಡೆಯ ಕರೆಂಟು ಸೇರುವ ಬದಿಯಿಂದ, ಹೊರಟ ನಾಲ್ಕು ತಂತಿಗಳು. ಇದು ಶುಭಸೂಚನೆ. ಜಪಾನಿನಲ್ಲಿ ತಯಾರಾಗಿ ಜಗತ್ತಿನೆಲ್ಲೆಡೆ ಮಾರಾಟವಾದ ಇಂಥ ಎಷ್ಟೋ ಸೆಟ್ಟುಗಳಲ್ಲಿ ಪ್ರೈಮರಿಯನ್ನು 120 ವೋಲ್ಟಿನ ಎರಡು ಸುರುಳಿಗಳಾಗಿ ಸುತ್ತಿರುತ್ತಾರೆ. ಅಮೆರಿಕಕ್ಕೆ ಹೋಗುವಾಗ ಎರಡನ್ನೂ ಸಮಾಂತರವಾಗಿ, ನಮ್ಮಂಥ ದೇಶಕ್ಕೆ ಹೋಗುವಾಗ ಒಂದರ ಬಾಲಕ್ಕೆ ಇನ್ನೊಂದರ ತಲೆಯನ್ನು ಸೇರಿಸಿ ಸರಣಿಯಾಗಿ ಜೋಡಿಸುತ್ತಾರೆ. ಸರ್ವಿಸ್ ಮ್ಯಾನ್ಯುಯೆಲ್ಲಿನ ರಫ್ತು ಮಾದರಿಯ ನಕ್ಷೆಯಲ್ಲೂ ಇದೇ ಟ್ರಾನ್ಸ್‌ಫಾರ್ಮರಿನ ಸಂಖ್ಯೆ ಇತ್ತು.

ನಕ್ಷೆಯನ್ನು ನಂಬಿ ಬೆಸುಗೆ ಹಾಕುವವನು ನಾನಲ್ಲ. ನಾಲ್ಕೂ ತಂತಿಗಳನ್ನು ಬಿಡಿಸಿ ಅಳೆದಾಗ ಒಂದು ಜೋಡಿಯಲ್ಲಿ 2.9 ಓಮ್, ಇನ್ನೊಂದರಲ್ಲಿ 3.1 ಓಮ್, ಎರಡರ ನಡುವೆ ಸಂಪರ್ಕವೇ ಇಲ್ಲ. ಸುರುಳಿಗಳು ಬೇರೆಬೇರೆ ಎಂದು ಖಚಿತವಾಯಿತು. ಮುಂದಿನದು ತಲೆ ಯಾವುದು, ಬಾಲ ಯಾವುದು ಎಂಬ ಪ್ರಶ್ನೆ. ಬೇರೊಂದು ಸಣ್ಣ ಟ್ರಾನ್ಸ್‌ಫಾರ್ಮರಿನ 12 ವೋಲ್ಟ್ ಎಸಿಯನ್ನು ಒಂದು ಸುರುಳಿಗೆ ಕೊಟ್ಟೆ. ಇನ್ನೊಂದರಲ್ಲೂ ಸುಮಾರು 12 ಕಾಣಿಸಿತು. ಎರಡರ ಒಂದೊಂದು ತುದಿಯನ್ನು ಸೇರಿಸಿ ಉಳಿದ ಎರಡು ತುದಿಗಳ ನಡುವೆ ಅಳೆದರೆ 24 ಬರಬೇಕು, ಇಲ್ಲವೇ ಸೊನ್ನೆಯ ಸಮೀಪ. 24 ಬಂದ ಜೋಡಣೆಯೇ ಸರಿ. ಸೊನ್ನೆ ತೋರಿಸಿದ ಜೋಡಣೆಗೆ 230 ಕೊಟ್ಟರೆ ಸುರುಳಿಗಳ ಕಾಂತಕ್ಷೇತ್ರಗಳು ಪರಸ್ಪರ ಅಳಿಸಿಹೋಗಿ, ಕರೆಂಟಿಗೆ ತಡೆಯೆಂದು ಉಳಿಯುವುದು ಆ ಆರು ಓಮ್ ಮಾತ್ರ; ಫ್ಯೂಸ್ ಹಾರುತ್ತದೆ. ಈ ಪರೀಕ್ಷೆಯಲ್ಲಿ 12 ವೋಲ್ಟನ್ನು ಕೊಡಬೇಕಾದದ್ದು ಪ್ರೈಮರಿಗೆ. ಮರೆತು ಸೆಕೆಂಡರಿಗೆ, ಅಂದರೆ ಸೆಟ್ಟಿಗೆ ಕರೆಂಟು ಕೊಡುವ ಬದಿಗೆ, ಕೊಟ್ಟರೆ ಕೈಯಲ್ಲಿ ಹಿಡಿದ ಪ್ರೈಮರಿಯ ತುದಿಯಲ್ಲಿ ಮೈ ನಡುಗಿಸುವಷ್ಟು ವೋಲ್ಟೇಜ್ ಹುಟ್ಟುತ್ತದೆ.

ಇಷ್ಟಾದರೂ ಹರ್ಟ್ಜಿನ ಲೆಕ್ಕ ಬಾಕಿ. ಟ್ರಾನ್ಸ್‌ಫಾರ್ಮರಿನ ಕಬ್ಬಿಣ ಹೊರುವ ಕಾಂತಪ್ರವಾಹ ವೋಲ್ಟೇಜನ್ನು ಹರ್ಟ್ಜಿನಿಂದ ಭಾಗಿಸಿದ್ದಕ್ಕೆ ಅನುಗುಣವಾಗಿರುತ್ತದೆ. 120 ವೋಲ್ಟ್, 60 ಹರ್ಟ್ಜಿನಲ್ಲಿ ಪ್ರತಿ ಹರ್ಟ್ಜಿಗೆ 2 ವೋಲ್ಟ್. ನಮ್ಮಲ್ಲಿ 230 ವೋಲ್ಟನ್ನು ಎರಡು ಸುರುಳಿಗಳು ಹಂಚಿಕೊಂಡಾಗ ಒಂದೊಂದಕ್ಕೆ 115. ಅದನ್ನು 50ರಿಂದ ಭಾಗಿಸಿದರೆ 2.3. ಶೇಕಡಾ 15ರಷ್ಟು ಹೆಚ್ಚು. ಕಬ್ಬಿಣದಲ್ಲಿ ಅಷ್ಟು ಅವಕಾಶ ಬಿಟ್ಟಿದ್ದರೆ ತೊಂದರೆಯಿಲ್ಲ. ಕಂಪನಿ ಉಳಿತಾಯ ಮಾಡಿದ್ದರೆ ಕಬ್ಬಿಣ ತುಂಬಿಹೋಗಿ ಗುಂಯ್‌ಗುಡುತ್ತ ಕಾಯುತ್ತದೆ. ಜಪಾನಿನಲ್ಲೇ ಟೋಕಿಯೊ ಕಡೆ 50 ಹರ್ಟ್ಜ್, ಒಸಾಕಾ ಕಡೆ 60. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಒಂದು ನಗರ ಜರ್ಮನಿಯಿಂದ, ಇನ್ನೊಂದು ಅಮೆರಿಕದಿಂದ ಜನರೇಟರ್ ತರಿಸಿದ್ದರ ಫಲ. ಅಲ್ಲಿನ ತಯಾರಕರಿಗೆ 50 ಹರ್ಟ್ಜ್ ಹೊಸದಲ್ಲ ಎಂಬ ಧೈರ್ಯ ನನಗಿತ್ತು. ಆದರೂ ಅಳೆದು ನೋಡಿಯೇ ತೀರಬೇಕು.

ಸೆಕೆಂಡರಿ ತಂತಿಗಳನ್ನೆಲ್ಲ ಬಿಡಿಸಿ, ಡಿಮ್ಮರ್‌ಸ್ಟ್ಯಾಟಿನಿಂದ ವೋಲ್ಟೇಜನ್ನು ಮೆಲ್ಲಗೆ ಏರಿಸುತ್ತ ಪ್ರೈಮರಿ ಎಳೆಯುವ ಕರೆಂಟನ್ನು ಬರೆದುಕೊಂಡೆ. 200 ವೋಲ್ಟಿನಲ್ಲಿ 38 ಮಿಲಿಆಂಪಿಯರ್, 220ರಲ್ಲಿ 49, 230ರಲ್ಲಿ 57, 240ರಲ್ಲಿ 67, 250ರಲ್ಲಿ 81. ಏರಿಕೆ ಸ್ವಲ್ಪ ಚುರುಕಾಗುತ್ತಿದೆ, ಆದರೆ ಎಲ್ಲೂ ಹಾರುತ್ತಿಲ್ಲ. 230 ದಾಟುತ್ತಿದ್ದಂತೆ ಕರೆಂಟು ಇಮ್ಮಡಿ ಮುಮ್ಮಡಿಯಾಗಿದ್ದರೆ ಕಬ್ಬಿಣ ತುಂಬಿತೆಂದೇ ಅರ್ಥ. ಆಗ ಈ ಕೆಲಸವನ್ನು ಅಲ್ಲಿಗೇ ಬಿಟ್ಟು ಹೊಸ ಟ್ರಾನ್ಸ್‌ಫಾರ್ಮರ್ ಸುತ್ತಿಸಬೇಕಾಗುತ್ತಿತ್ತು. 240ರಲ್ಲಿ ಎರಡು ಗಂಟೆ ಹಾಗೇ ಬಿಟ್ಟು ಮುಟ್ಟಿದಾಗ ಬೆಚ್ಚಗಿತ್ತು, ಅಷ್ಟೇ. ನನ್ನ ಮಟ್ಟಿಗೆ ಇಡೀ ಕೆಲಸದ ತೀರ್ಪು ಬಂದದ್ದು ಈ ಐದು ಅಂಕಿಗಳಲ್ಲಿ. ಬೆಸುಗೆ ಯಾರಾದರೂ ಹಾಕಬಹುದು.

ಪ್ರೈಮರಿಯ ಸುತ್ತಮುತ್ತ ಇರುವ ಸಣ್ಣಪುಟ್ಟವನ್ನೂ ಬಿಡುವಂತಿಲ್ಲ. 3 ಆಂಪಿಯರಿನ ಫ್ಯೂಸಿನ ಜಾಗಕ್ಕೆ 1.6ರ ನಿಧಾನ ಫ್ಯೂಸ್ ಹಾಕಿದೆ. ವೋಲ್ಟೇಜ್ ಇಮ್ಮಡಿಯಾದಾಗ ಕರೆಂಟು ಅರ್ಧವಾಗುತ್ತದೆ, ಹಳೆಯ ಫ್ಯೂಸ್ ಉಳಿದರೆ ಕಾವಲುಗಾರ ನಿದ್ದೆ ಹೋದಂತೆ. ಪವರ್ ಸ್ವಿಚ್ಚಿನ ಕಿಡಿ ನುಂಗಲೆಂದು ಅದರ ಮೇಲೆ ಕೂರಿಸಿದ್ದ ಕೆಪಾಸಿಟರ್ 125 ವೋಲ್ಟಿನದು. ಅದನ್ನು ತೆಗೆದು ಅಷ್ಟೇ ಮೈಕ್ರೊಫ್ಯಾರಡಿನ, 275 ವೋಲ್ಟ್ ಎಸಿ ತಾಳುವ, ಗೋಡೆಯ ಕರೆಂಟಿಗೆಂದೇ ಮಾಡಿದ ಎಕ್ಸ್2 ಜಾತಿಯದನ್ನು ಕೂರಿಸಿದೆ. ಬೆನ್ನಿನಲ್ಲಿ ರೆಕಾರ್ಡ್ ಪ್ಲೇಯರ್ ಸಿಕ್ಕಿಸಲೆಂದು ಎರಡು ಅಮೆರಿಕನ್ ಸಾಕೆಟ್ಟುಗಳಿದ್ದವು. ನಿಜವಾದ ಅಪಾಯ ಅಲ್ಲಿದೆ. ರಿಸೀವರ್ 230ಕ್ಕೆ ಬದಲಾದ ಮೇಲೆ ಅವುಗಳಲ್ಲೂ 230 ಬರುತ್ತದೆ. ಆಕಾರ ನೋಡಿದವರು 120ರ ಉಪಕರಣವನ್ನೇ ತಂದು ಸಿಕ್ಕಿಸುತ್ತಾರೆ. ಅವುಗಳ ತಂತಿ ಕತ್ತರಿಸಿ, ತುದಿಗೆ ಪ್ಲಾಸ್ಟಿಕ್ ಕೊಳವೆ ತೊಡಿಸಿ, ಹೊರಗಿನಿಂದ ಪ್ಲಾಸ್ಟಿಕ್ ತಗಡು ಮುಚ್ಚಿದೆ. ಎರಡೆಳೆಯ ಹಳೆಯ ವಯರಿನ ಬದಲು ಮೂರೆಳೆಯದನ್ನು ಎಳೆದು ಲೋಹದ ಪೆಟ್ಟಿಗೆಗೆ ಅರ್ತ್ ಕೊಟ್ಟೆ, 6 ಆಂಪಿಯರಿನ ಮೂರು ಪಿನ್ನಿನ ಪ್ಲಗ್ ಹಾಕಿದೆ. ಆಡಿಯೊ ಸೆಟ್ಟಿಗೆ ಅರ್ತ್ ಕೊಟ್ಟರೆ ಹಮ್ ಎಂಬ ಗುಂಯ್ ಶಬ್ದ ಬರುತ್ತದೆ ಎನ್ನುವವರಿದ್ದಾರೆ. ಸಾಲಿನಲ್ಲಿ ಅರ್ತ್ ಇರುವ ಪೆಟ್ಟಿಗೆ ಇದೊಂದೇ ಆಗಿದ್ದರೆ ಸುತ್ತಿ ಬರಲು ಅದಕ್ಕೆ ದಾರಿಯೇ ಇರುವುದಿಲ್ಲ.

ಮೊದಲ ಬಾರಿ ಕರೆಂಟು ಕೊಟ್ಟದ್ದು ಸೆಟ್ಟಿನೊಂದಿಗೆ ಸರಣಿಯಲ್ಲಿ ಸೇರಿಸಿದ 100 ವ್ಯಾಟಿನ ಬಲ್ಬಿನ ಮೂಲಕ. ಇದಕ್ಕೆ ಹಳೆಯ ಫಿಲಮೆಂಟ್ ಬಲ್ಬೇ ಆಗಬೇಕು, ಎಲ್ಇಡಿ ಕೆಲಸಕ್ಕೆ ಬಾರದು. ಒಳಗೆಲ್ಲಾದರೂ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಸೆಟ್ಟು ಉಳಿಯುತ್ತದೆ. ನಮ್ಮದು ಮಿನುಗಿ ಮಂಕಾಯಿತು. ಬಲ್ಬನ್ನು ತೆಗೆದು ನೇರ ಕೊಟ್ಟಾಗ ಮನೆಯ ವೋಲ್ಟೇಜ್ 236. ಆಂಪ್ಲಿಫೈಯರಿಗೆ ಹೋಗುವ ಡಿಸಿ, ನಕ್ಷೆಯ 38ರ ಜಾಗದಲ್ಲಿ ಪ್ಲಸ್ ಮೈನಸ್ 37.5. ಸರಣಿ ಜೋಡಣೆ 240 ವೋಲ್ಟಿಗೆ ಲೆಕ್ಕ ಹಾಕಿದ್ದರಿಂದ ಈ ಚಿಕ್ಕ ಕೊರತೆ ನಿರೀಕ್ಷಿತವೇ.

ಸಿಂಥಸೈಜರಿನ ಕೆಲಸ ಅರ್ಧ ತಾಸಿನದು, ಆದರೆ ತತ್ತ್ವ ಸೊಗಸಾದದ್ದು. ಹಳೆಯ ಕಂಪ್ಯೂಟರುಗಳ ಬೆನ್ನಲ್ಲಿ 115/230 ಎಂಬ ಕೆಂಪು ಸ್ವಿಚ್ ನೋಡಿದ್ದೀರಲ್ಲ, ಅದು ಟ್ರಾನ್ಸ್‌ಫಾರ್ಮರನ್ನು ಬದಲಾಯಿಸುವುದಿಲ್ಲ. ಒಳಗೆ ಎಸಿಯನ್ನು ಡಿಸಿ ಮಾಡುವ ಬ್ರಿಜ್ ರೆಕ್ಟಿಫೈಯರಿನ ಮುಂದೆ 200 ವೋಲ್ಟಿನ ಎರಡು ಕೆಪಾಸಿಟರುಗಳು ಸರಣಿಯಲ್ಲಿರುತ್ತವೆ. 230ರಲ್ಲಿ ಬ್ರಿಜ್ ಸುಮ್ಮನೆ 325 ವೋಲ್ಟ್ ಡಿಸಿ ಕೊಡುತ್ತದೆ. 115ರ ಕಡೆ ತಳ್ಳಿದರೆ ಕೆಪಾಸಿಟರುಗಳ ನಡುಬಿಂದು ಎಸಿಯ ಒಂದು ತಂತಿಗೆ ಸೇರಿ, ಒಂದೊಂದು ಕೆಪಾಸಿಟರ್ ಅಲೆಯ ಒಂದೊಂದು ಮಗ್ಗುಲಲ್ಲಿ ತುಂಬಿಕೊಂಡು, ಒಟ್ಟು ಮತ್ತೆ 325ರ ಆಸುಪಾಸಿಗೇ ಬರುತ್ತದೆ. ಸ್ವಿಚ್ 115ರಲ್ಲಿರುವಾಗ ಮುಂಬಯಿಯ ಸಾಕೆಟ್ಟಿಗೆ ಹಾಕಿದವರು ಕೇಳಿದ ಸಿಡಿತ, ಆ ಎರಡು ಕೆಪಾಸಿಟರುಗಳು 650 ವೋಲ್ಟ್ ಹೊರಲಾರದೆ ಮಾಡಿದ್ದು.

ಭಾವನ ಸಿಂಥಸೈಜರಿನಲ್ಲಿ ಸ್ವಿಚ್ ಇರಲಿಲ್ಲ. ಅದರ ಜಾಗದಲ್ಲಿ ಬೋರ್ಡಿನ ಮೇಲೆ ಒಂದು ಬರಿಯ ತಂತಿತುಂಡು ಬೆಸೆದಿತ್ತು. ಒಳಗಿನಿಂದ ಅದು ಎಂದೋ 230ರ ಉಪಕರಣವೇ ಆಗಿತ್ತು, ಆ ತಂತಿತುಂಡು ತಡೆದು ಕೂತಿತ್ತು. ಕೆಪಾಸಿಟರುಗಳನ್ನು 10 ಕಿಲೋಓಮ್, 10 ವ್ಯಾಟಿನ ರೆಸಿಸ್ಟರಿನಿಂದ ಬರಿದು ಮಾಡಿ, ಮೀಟರಿನಲ್ಲಿ ಸೊನ್ನೆ ನೋಡಿ, ತಂತಿಯನ್ನು ಕಿತ್ತೆ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಶಾರ್ಟ್ ಮಾಡುವ ವೀರರ ದಾರಿ ನನಗೆ ಬೇಡ. ಎರಡೂ ಕೆಪಾಸಿಟರುಗಳು ಸಮನಾಗಿ ಹಂಚಿಕೊಳ್ಳಲು ಬೇಕಾದ 100 ಕಿಲೋಓಮಿನ ರೆಸಿಸ್ಟರುಗಳು ಮೊದಲೇ ಇದ್ದವು. ಒಳಬರುವ ದಾರಿಯಲ್ಲಿ ನೀಲಿ ಬಿಲ್ಲೆಯಂತಿದ್ದ, ವೋಲ್ಟೇಜಿನ ಹಠಾತ್ ಹೊಡೆತ ನುಂಗುವ ವೇರಿಸ್ಟರಿನ ಮೇಲೆ 201 ಎಂದಿತ್ತು. ಅದು 130 ವೋಲ್ಟ್ ಎಸಿಯವರೆಗಿನದು, 230ಕ್ಕೆ ಸಿಕ್ಕಿದರೆ ಸಿಡಿಯುತ್ತದೆ. ಲ್ಯಾಮಿಂಗ್ಟನ್ ರೋಡಿನಲ್ಲಿ 14ಡಿ471 ಕೇಳಿದರೆ ಚಿಲ್ಲರೆ ಹಣಕ್ಕೆ ಕೊಡುತ್ತಾರೆ. ಫ್ಯೂಸ್ 2ರಿಂದ 1ಕ್ಕೆ. ಎರಡು ಕೆಪಾಸಿಟರಿನ ಬದಲು 200 ವೋಲ್ಟಿನ ಒಂದೇ ಕೆಪಾಸಿಟರ್ ಇದ್ದಿದ್ದರೆ ಈ ಉಪಾಯ ನಡೆಯುತ್ತಿರಲಿಲ್ಲ. ಆಗ ಸಪ್ಲೈ ಬೋರ್ಡನ್ನೇ ತೆಗೆದು, ಬೇಕಾದ ಡಿಸಿ ಕೊಡುವ ಸಿದ್ಧ ಬೋರ್ಡ್ ಕೂರಿಸುವುದೇ ಲೇಸು.

ರೆಕಾರ್ಡ್ ಪ್ಲೇಯರಿನಲ್ಲಿ ಮಾತ್ರ ವಿದ್ಯುತ್ತು ಎಲ್ಲೂ ನಿಲ್ಲುವುದೇ ಇಲ್ಲ, ಸಂಗೀತದೊಳಕ್ಕೇ ಹೋಗುತ್ತದೆ. ಅದರ ಮೋಟಾರ್ 16 ಧ್ರುವಗಳ ಸಿಂಕ್ರೊನಸ್ ಮೋಟಾರ್: 60 ಹರ್ಟ್ಜಿನಲ್ಲಿ ನಿಮಿಷಕ್ಕೆ 450 ಸುತ್ತು, 50ರಲ್ಲಿ 375. ವೋಲ್ಟೇಜಿನ ಭಾಗ ಸುಲಭ. ಮೋಟಾರಿನ ಎರಡು ಸುರುಳಿಗಳನ್ನು ರಿಸೀವರಿನ ಹಾಗೆಯೇ ಸರಣಿಯಾಗಿಸಿ, ಹಂತಭೇದ ಮಾಡುವ ಕೆಪಾಸಿಟರನ್ನು ರಫ್ತು ಮಾದರಿಯ ನಕ್ಷೆಯ ಪ್ರಕಾರ ಬದಲಾಯಿಸಿದರಾಯಿತು. ಆದರೆ ಅಷ್ಟಕ್ಕೇ ಬಿಟ್ಟರೆ ತಟ್ಟೆ ನಿಮಿಷಕ್ಕೆ 33⅓ ಸುತ್ತಿನ ಬದಲು 27.8ರಲ್ಲಿ ತಿರುಗುತ್ತದೆ. ಶ್ರುತಿ ಮೂರು ಸ್ವರಸ್ಥಾನಕ್ಕಿಂತ ತುಸು ಹೆಚ್ಚೇ ಕೆಳಗಿಳಿಯುತ್ತದೆ. ಹಾರ್ಮೋನಿಯಮ್ಮಿನ ಕಾಳಿ ಒಂದರಲ್ಲಿ, ಅಂದರೆ ಮೊದಲ ಕಪ್ಪು ಮನೆಯ ಶ್ರುತಿಯಲ್ಲಿ, ಹಾಡಿದವರು ಕೆಳಗಿನ ಕಾಳಿ ಐದಕ್ಕೆ ಕುಸಿಯುತ್ತಾರೆ. ಅಕ್ಕನ ಸಂಗ್ರಹದಲ್ಲಿ ಗಂಗೂಬಾಯಿ ಹಾನಗಲ್ಲರ ರೆಕಾರ್ಡುಗಳೇ ಹೆಚ್ಚು. ಮೊದಲೇ ಗಂಭೀರವಾದ ಆ ಕಂಠ ಇನ್ನೂ ಇಳಿದರೆ ಹೊಸಬರಿಗೆ ತಪ್ಪು ತಿಳಿಯುವುದೇ ಇಲ್ಲ; ಅಕ್ಕನಿಗೆ ಒಂದೇ ಆಲಾಪದಲ್ಲಿ ತಿಳಿಯುತ್ತದೆ.

ಪರಿಹಾರ ಪುಲ್ಲಿಯಲ್ಲಿದೆ. ಮೋಟಾರ್ ನಿಧಾನವಾದಷ್ಟು ಪುಲ್ಲಿ ದೊಡ್ಡದಾಗಬೇಕು, 60ಕ್ಕೆ 50ರ ಅನುಪಾತದಲ್ಲಿ, ಅಂದರೆ 1.2 ಪಟ್ಟು. ಇಲ್ಲಿ ಲೆಕ್ಕ ತಪ್ಪಲು ಒಂದು ಸಣ್ಣ ಸಂದು ಇದೆ. ಹಳೆಯ ಪುಲ್ಲಿಯ ವ್ಯಾಸ 11 ಮಿಲಿಮೀಟರ್; 1.2ರಿಂದ ಗುಣಿಸಿದರೆ 13.2. ಆದರೆ ಬೆಲ್ಟಿಗೂ ದಪ್ಪವಿದೆ, 0.6 ಮಿಲಿಮೀಟರ್. ವೇಗವನ್ನು ನಿರ್ಧರಿಸುವುದು ಬೆಲ್ಟಿನ ದಪ್ಪದ ನಡುರೇಖೆ. ಆದ್ದರಿಂದ 11ಕ್ಕೆ 0.6 ಸೇರಿಸಿ 11.6, ಅದರ 1.2 ಪಟ್ಟು 13.92, ಮತ್ತೆ 0.6 ಕಳೆದರೆ 13.32. ಬರಿಯ 13.2 ಕೊರೆಸಿದ್ದರೆ ವೇಗ ಶೇಕಡಾ 0.9ರಷ್ಟು ಕಡಿಮೆ; ತಂಬೂರಿಯ ಜೊತೆ ಹೋಲಿಸುವ ಕಿವಿಗೆ ಅದು ಸಾಕಷ್ಟು ದೊಡ್ಡ ಅಂತರ. ಪುಲ್ಲಿಯ ಮೇಲೆ 45 ಸುತ್ತಿನ ರೆಕಾರ್ಡಿಗೆಂದು ಇರುವ ಇನ್ನೊಂದು ಮೆಟ್ಟಿಲಿಗೆ ಇದೇ ಲೆಕ್ಕದಲ್ಲಿ 18.19.

ಡೊಂಬಿವಲಿಯ ಕೈಗಾರಿಕಾ ಪ್ರದೇಶ ಎಂಐಡಿಸಿಯ ಲೇತ್ ಅಂಗಡಿಯವರು ಚಿತ್ರ ನೋಡಿ, "ನೂರನೇ ಒಂದು ಮಿಲಿಮೀಟರಿನ ಲೆಕ್ಕ ಹೇಳುತ್ತೀರಿ, ಇದೇನು ರಾಕೆಟ್ಟಿಗೋ?" ಎಂದು ಮರಾಠಿಯಲ್ಲಿ ಕೇಳಿದರು. ಹಾಡಿಗೆ ಎಂದಾಗ ಹಿತ್ತಾಳೆಯ ಸರಳನ್ನು ತಾವೇ ಆರಿಸಿದರು. ಬೆಲ್ಟು ಜಾರದಿರಲು ಪುಲ್ಲಿಯ ಮೈ ನಡುವಿನಲ್ಲಿ ಕೂದಲೆಳೆಯಷ್ಟು ಉಬ್ಬಿರಬೇಕು. ಅದನ್ನು ಹೇಳುವ ಮೊದಲೇ ಮಾಡಿಕೊಟ್ಟರು.

ವೇಗ ಪರೀಕ್ಷೆಗೆ ಭಾವನ ಬಳಿ ಸ್ಟ್ರೋಬ್ ಬಿಲ್ಲೆ (ತಟ್ಟೆಯ ಮೇಲಿಟ್ಟಾಗ, ವೇಗ ಸರಿಯಿದ್ದರೆ ಮಿನುಗುವ ದೀಪದಡಿ ಗೆರೆಗಳು ನಿಂತಂತೆ ಕಾಣುವಂಥದು) ಇತ್ತು, ಅಮೆರಿಕದ್ದು, 216 ಗೆರೆಗಳದು. ಇದನ್ನು ಇಲ್ಲಿ ನಂಬಿದರೆ ಕೆಟ್ಟೆವು. ನಮ್ಮ ದೀಪ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. 216 ಗೆರೆಗಳು ಆ ಬೆಳಕಿನಲ್ಲಿ ನಿಶ್ಚಲವಾಗಿ ಕಾಣುವುದು ಸರಿಯಾಗಿ 27.8 ಸುತ್ತಿನಲ್ಲಿ! ಪುಲ್ಲಿ ಬದಲಾಯಿಸದೆಯೇ "ವೇಗ ಪಕ್ಕಾ" ಎಂದು ಸರ್ಟಿಫಿಕೇಟು ಕೊಡುವ ಬಿಲ್ಲೆ ಅದು. 50 ಹರ್ಟ್ಜಿಗೆ ಬೇಕಾದದ್ದು 180 ಗೆರೆ. ಕಾಗದದ ಮೇಲೆ ಮುದ್ರಿಸಿ, ಎಲ್ಇಡಿ ದೀಪ ನಂದಿಸಿ, ನಿಯಾನ್ ಇಂಡಿಕೇಟರಿನ ಬೆಳಕಿನಲ್ಲಿ ಹಿಡಿದಾಗ ಗೆರೆಗಳು ಬಲು ನಿಧಾನವಾಗಿ ಮುಂದೆ ತೇಲುತ್ತಿದ್ದವು, ಅಂದರೆ ವೇಗ ಕೂದಲೆಳೆ ಹೆಚ್ಚು. ಸೊನ್ನೆ ನಂಬರಿನ ಎಮರಿ ಕಾಗದವನ್ನು ತಿರುಗುವ ಪುಲ್ಲಿಗೆ ಮುಟ್ಟಿಸುತ್ತ, ಒರೆಸುತ್ತ, ಮತ್ತೆ ನೋಡುತ್ತ ಹೋದಂತೆ ಗೆರೆಗಳು ನಿಂತವು.

45ರ ಮೆಟ್ಟಿಲಿನಲ್ಲಿ ಹಾಗೆ ನಿಲ್ಲಿಸುವುದು 50 ಹರ್ಟ್ಜಿನ ಬೆಳಕಿನಲ್ಲಿ ಸಾಧ್ಯವಿಲ್ಲ. ಲೆಕ್ಕದ ಪ್ರಕಾರ 133⅓ ಗೆರೆ ಬೇಕು. ಮೂರನೇ ಒಂದು ಗೆರೆಯನ್ನು ಎಳೆಯುವುದು ಹೇಗೆ? ಬಿಲ್ಲೆ ಮಾಡುವವರು 133 ಎಳೆದು 45.1ಕ್ಕೆ ತೃಪ್ತರಾಗುತ್ತಾರೆ. ನಾನು ಅದನ್ನು ಲೇತಿನಿಂದ ಬಂದ ಹಾಗೆಯೇ ಬಿಟ್ಟಿದ್ದೇನೆ. ಭಾವನ ಬಳಿ 45ರ ರೆಕಾರ್ಡು ಒಂದೂ ಇಲ್ಲ.